ಇಷ್ಟವಾಯಿತು, ಸರಿ, ಏಕೆ?

ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದರೆ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು. ಮಳೆ ಕಡಿಮೆ, ಕಡ್ಲೆಕಾಯಿ ಹೆಚ್ಚು. ಈ ಸೀಮೆಯ ಹಳ್ಳಿಗಳಲ್ಲಿ ಹಿಂದೆ ಸುಗ್ಗಿ ಮುಗಿಯಿತೆಂದರೆ ಮೂಡಲಪಾಯದ ಆಟ ಕಟ್ಟುತ್ತಿದ್ದರು. ಬೆಳಗಿನ ಜಾವದವರೆಗೆ ಕಣ್ಣು ಮಿಟುಕಿಸದೆ ನೋಡಿದ ಜನ, ಮಾರನೆಯ ದಿನ ಅರಳಿಕಟ್ಟೆಯ ಮೇಲೆ ಕುಳಿತು ಯಾರ ಪಾತ್ರ ಕಳೆಗಟ್ಟಿತು, ಯಾರ ಪದ ಸೋತಿತು ಎಂದು ತೀರ್ಪು ಕೊಡುತ್ತಿದ್ದರು. ದ್ರೌಪದಿಯಾಗಿ ಗೋಳಾಡಿದವನು ಹಗಲು ಹೊಲ ಉಳುವ ಗಂಡಸು ಎಂಬುದು ಎಲ್ಲರಿಗೂ ಗೊತ್ತಿತ್ತು. ಹಾಗೆಂದು ಯಾರ ಕಣ್ಣೀರೂ ನಿಲ್ಲುತ್ತಿರಲಿಲ್ಲ.

ಈಗ ಆಟ ನೋಡಲು ಕಂಬಳಿ ಹೊದ್ದು ಬಯಲಿನಲ್ಲಿ ಕೂರಬೇಕಿಲ್ಲ. ಅಂಗೈಯಗಲದ ಮೊಬೈಲಿನಲ್ಲಿ ದೂರದ ಜಪಾನಿನ ಕಥೆಗಳು ಬರುತ್ತವೆ. ಅಲ್ಲಿನ ಚಲಿಸುವ ಚಿತ್ರಕಥೆಗೆ 'ಅನಿಮೆ' ಎಂದೂ ಪುಸ್ತಕರೂಪದ ಚಿತ್ರಕಥೆಗೆ 'ಮಾಂಗಾ' ಎಂದೂ ಹೆಸರು. ಮಾಂಗಾವನ್ನು ಬಲದಿಂದ ಎಡಕ್ಕೆ ಓದಬೇಕು. ನಮ್ಮ ಪುಸ್ತಕದ ಕೊನೆಯ ಪುಟ ಎಲ್ಲಿರುತ್ತದೋ ಅಲ್ಲಿ ಅದರ ಮೊದಲ ಪುಟ ಇರುತ್ತದೆ.

ಹೆಸರು ಹೊಸದೆನಿಸಿದರೂ ವಸ್ತು ತಂದೆತಾಯಿಗಳಿಗೆ ಅಪರಿಚಿತವಲ್ಲ. 1993ರಲ್ಲಿ ದೂರದರ್ಶನದಲ್ಲಿ ಭಾನುವಾರ ಬರುತ್ತಿದ್ದ ಮೋಗ್ಲಿಯ 'ಜಂಗಲ್ ಬುಕ್' ಜಪಾನಿನಲ್ಲೇ ತಯಾರಾದ ಅನಿಮೆ. ಜಪಾನಿನ ಯೂಗೋ ಸಾಕೋ ಮತ್ತು ನಮ್ಮ ರಾಮ್ ಮೋಹನ್ ಸೇರಿ ಮಾಡಿದ ರಾಮಾಯಣದ ಅನಿಮೆ ಚಿತ್ರವೂ ಅದೇ ಕಾಲದ್ದು. 2025ರಲ್ಲಿ ಅದು ಮತ್ತೆ ನಮ್ಮ ಚಿತ್ರಮಂದಿರಗಳಿಗೆ ಬಂದಿತ್ತು. ಚಿತ್ರಕಥೆಯ ರುಚಿಯಂತೂ ಕನ್ನಡಿಗರಿಗೆ ಹಳೆಯದು. ಇಂಗ್ಲಿಷಿಗಿಂತ ಮೊದಲೇ, 1965ರಲ್ಲಿ, 'ಅಮರ ಚಿತ್ರಕಥೆ' ಕನ್ನಡದಲ್ಲಿ ಹೊರಬಂದಿತ್ತು. ಕೆಲವು ಅನಿಮೆಗಳು ತಮಿಳು, ತೆಲುಗಿನಲ್ಲಿಯೂ ಬರುತ್ತವೆ. ತೆಲುಗು ಮನೆಮಾತಿನಷ್ಟೇ ಹತ್ತಿರವಾದ ಪಾವಗಡದ ಕಡೆಯ ಮಕ್ಕಳಿಗೆ ಇದು ಇನ್ನೂ ಸಲೀಸು.

ಇವುಗಳಲ್ಲಿ ಒಂದು ಬಗೆಗೆ 'ಬಾಯ್ಸ್ ಲವ್' ಎಂದು ಹೆಸರು. ಇಬ್ಬರು ಹುಡುಗರ ನಡುವಿನ ಪ್ರೀತಿಯೇ ಇದರ ವಸ್ತು. ಕೇಳಿದೊಡನೆ ಹಿರಿಯರ ಹುಬ್ಬು ಮೇಲೇರುವುದು ಸಹಜ. ಹುಬ್ಬು ಮೇಲೇರಿದ ನಂತರ ಏನು ಮಾಡಬೇಕು ಎಂಬುದೇ ಇಲ್ಲಿಯ ಪ್ರಶ್ನೆ.

ಒಂದು ಉದಾಹರಣೆ ನೋಡಿ. ಕೊರಟಗೆರೆಯಿಂದ ಬಸ್ಸಿನಲ್ಲಿ ಮಧುಗಿರಿಯ ಕಾಲೇಜಿಗೆ ಬರುವ ಬಿಎಸ್ಸಿ ವಿದ್ಯಾರ್ಥಿನಿಯೊಬ್ಬಳಿದ್ದಾಳೆ ಎಂದುಕೊಳ್ಳಿ. ಹೆಸರು ಯಾವುದಾದರೂ ಆಗಬಹುದು. ಅವಳು ಇಂಥ ಕಥೆಗಳ ಅಭಿಮಾನಿ. ಪ್ರತಿಯೊಂದು ಕಥೆ ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ತನ್ನ ಅಭಿಪ್ರಾಯ ಬರೆದು, ನೂರಕ್ಕೆ ಇಷ್ಟು ಎಂದು ಅಂಕ ಹಾಕುತ್ತಾಳೆ. ಒಂದು ದಿನ ಆ ನೋಟ್‌ಬುಕ್ ಅಪ್ಪನ ಕೈಗೆ ಸಿಗುತ್ತದೆ.

"ಏನಮ್ಮ ಇದು? ಹುಡುಗ ಹುಡುಗನ್ನ ಪ್ರೀತಿಸೋ ಕಥೆಗೆ ನೀನು ಮಾರ್ಕ್ಸ್ ಹಾಕ್ಕೊಂಡು ಕೂತಿದ್ದೀಯಾ?"

"ಬೈಯೋಕೆ ಮುಂಚೆ ಒಂದು ಸಲ ಪೂರ್ತಿ ಓದು ಅಪ್ಪ. ಆಮೇಲೆ ಬೇಕಾದರೆ ಬೈ."

ಅಪ್ಪ ಓದುತ್ತಾನೋ ಹರಿದು ಹಾಕುತ್ತಾನೋ ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಹೆಣ್ಣುಮಕ್ಕಳು ಬರೆದ ಕಥೆ

ಓದುವ ಅಪ್ಪನಿಗೆ ಮೊದಲ ಪುಟದಲ್ಲೇ ಒಂದು ಆಶ್ಚರ್ಯ ಕಾದಿರುತ್ತದೆ. ಈ ಕಥೆಗಳನ್ನು ಆರಂಭಿಸಿದವರು ಗಂಡಸರಲ್ಲ, ಇಪ್ಪತ್ತು ದಾಟಿದ ತರುಣಿಯರು. ಹಾಗಿಯೋ ಮೋತೋ, ತಾಕೆಮಿಯಾ ಕೇಯ್ಕೋ ಮುಂತಾದವರು 1970ರ ದಶಕದಲ್ಲಿ ಹುಡುಗಿಯರ ಪತ್ರಿಕೆಗಳಿಗೆ ಇವನ್ನು ಬರೆದರು. 1949ರ ಆಸುಪಾಸಿನಲ್ಲಿ ಹುಟ್ಟಿದವರು ಇವರು. ಜಪಾನಿನ ಪಂಚಾಂಗದಲ್ಲಿ ಅದು ಶೋವಾ 24ನೇ ವರ್ಷವಾದ್ದರಿಂದ 'ಇಪ್ಪತ್ನಾಲ್ಕರ ಗುಂಪು' ಎಂಬ ಹೆಸರು ಬಂತು. ಹಾಗಿಯೋ ಅವರ 'ಥಾಮಸನ ಹೃದಯ' 1974ರಲ್ಲಿ, ತಾಕೆಮಿಯಾ ಅವರ 'ಗಾಳಿ ಮತ್ತು ಮರದ ಹಾಡು' 1976ರಲ್ಲಿ ಧಾರಾವಾಹಿಯಾಗಿ ಆರಂಭವಾದವು. ಎರಡನೆಯದನ್ನು ಅಚ್ಚಿಗೆ ಒಪ್ಪಿಸಲು ಲೇಖಕಿ ವರ್ಷಗಟ್ಟಲೆ ಕಾಯಬೇಕಾಯಿತು. ಮುಂದೆ ಅದೇ ತಾಕೆಮಿಯಾ ಕ್ಯೋತೋ ಸೇಯ್ಕಾ ವಿಶ್ವವಿದ್ಯಾಲಯದ ಅಧ್ಯಕ್ಷೆಯಾದರು. ಹಾಗಿಯೋ ಅವರಿಗೆ 2012ರಲ್ಲಿ ಜಪಾನ್ ಸರ್ಕಾರದ ಗೌರವಪದಕ ಸಂದಿತು.

ಹುಡುಗಿಯರಿಗೆ ಇಬ್ಬರು ಹುಡುಗರ ಕಥೆ ಏಕೆ ಬೇಕಾಯಿತು? ವಿಮರ್ಶಕರು ಕೊಡುವ ಕಾರಣಗಳಲ್ಲಿ ಒಂದು ಹೀಗಿದೆ. ಆ ಕಾಲದ ಪ್ರೇಮಕಥೆಗಳಲ್ಲಿ ಹುಡುಗಿ ಕಾಯುವವಳು, ಹುಡುಗ ಆರಿಸುವವನು. ಓದುಗಳು ಆ ಹುಡುಗಿಯ ಜಾಗದಲ್ಲೇ ಕುಳಿತು ಓದಬೇಕಿತ್ತು. ಇಬ್ಬರೂ ಹುಡುಗರಾದರೆ ಆ ಕಟ್ಟುಪಾಡು ಕಳಚುತ್ತದೆ. ಯಾರ ಜಾಗದಲ್ಲಿ ಬೇಕಾದರೂ ನಿಂತು ನೋಡಬಹುದು. ಸಮನಾದ ಇಬ್ಬರ ನಡುವೆ ಪ್ರೀತಿ ಹೇಗಿರುತ್ತದೆ ಎಂಬ ಕುತೂಹಲವೇ ಈ ಕಥೆಗಳ ಬೇರು ಎನ್ನಬಹುದು.

ನೋಟ್‌ಬುಕ್ಕಿನ ಅಂಕಪಟ್ಟಿ

ವಿಜ್ಞಾನದ ವಿದ್ಯಾರ್ಥಿನಿಗೆ ಪ್ರಯೋಗಾಲಯದ ರೆಕಾರ್ಡ್ ಬರೆದು ಅಭ್ಯಾಸ. ಉದ್ದೇಶ, ವೀಕ್ಷಣೆ, ತೀರ್ಮಾನ ಎಂದು ಬರೆಯದೆ ಬರಿದೇ 'ಚೆನ್ನಾಗಿದೆ' ಎಂದರೆ ಅಧ್ಯಾಪಕರು ಸಹಿ ಹಾಕುವುದಿಲ್ಲ. ಅವಳು ಕಥೆಗಳಿಗೂ ಅದೇ ಕ್ರಮ ಹಚ್ಚಿದ್ದಾಳೆ. ಪ್ರತಿ ಕಥೆಗೆ ಮೂರು ಪ್ರಶ್ನೆ. ಒಬ್ಬರ ಒಪ್ಪಿಗೆಯನ್ನು ಇನ್ನೊಬ್ಬರು ಕೇಳಿದರೇ? ಇಬ್ಬರೂ ಸಮಾನರೇ? ಪ್ರೀತಿಯ ಹೊರಗೂ ಅವರಿಗೊಂದು ಬದುಕು ಇದೆಯೇ?

ಹೆಚ್ಚು ಅಂಕ ಸಿಕ್ಕಿರುವುದು 'ಸಸಾಕಿ ಮತ್ತು ಮಿಯಾನೋ' ಎಂಬ ಕಥೆಗೆ. 2022ರಲ್ಲಿ ಇದು ಅನಿಮೆಯಾಗಿ ಬಂತು. ಇದರ ಮಿಯಾನೋ ತಾನೇ ಇಂಥ ಕಥೆಗಳ ಅಭಿಮಾನಿ. ಯಾರಿಗಾದರೂ ಗೊತ್ತಾದೀತೆಂದು ನಾಚುವವನು. ಮೇಲಿನ ತರಗತಿಯ ಸಸಾಕಿ ಅವನಿಂದ ಪುಸ್ತಕ ಎರವಲು ಪಡೆದು ಓದುತ್ತಾನೆ. ತನ್ನ ಮನಸ್ಸು ಹೇಳಿಕೊಂಡ ಮೇಲೆ ಅವಸರಪಡಿಸದೆ ಉತ್ತರಕ್ಕಾಗಿ ಕಾಯುತ್ತಾನೆ. "ಕಾಯುವುದೇ ಇವನ ಒಳ್ಳೆಯತನ" ಎಂದು ಅವಳು ಷರಾ ಬರೆದಿದ್ದಾಳೆ.

ಎರಡನೆಯದು 2019ರ 'ಗಿವನ್'. ಅಗಲಿಹೋದ ಗೆಳೆಯನ ಗಿಟಾರನ್ನು ತಂತಿ ಹರಿದಿದ್ದರೂ ತಬ್ಬಿಕೊಂಡೇ ಓಡಾಡುವ ಒಬ್ಬ ಹುಡುಗ. ಆ ತಂತಿ ಕಟ್ಟಿಕೊಟ್ಟು ಹಾಡಲು ಹಚ್ಚುವ ಇನ್ನೊಬ್ಬ. ದುಃಖಕ್ಕೆ ಮಾತು ಸಿಗುವವರೆಗಿನ ದಾರಿಯೇ ಕಥೆ. 2016ರ 'ಯೂರಿ ಆನ್ ಐಸ್' ಮಂಜಿನ ಮೇಲೆ ಜಾರುವ ಕ್ರೀಡಾಪಟುವಿನ ಕಥೆ. ದೊಡ್ಡ ಸ್ಪರ್ಧೆಯಲ್ಲಿ ಸೋತು ಊರಿಗೆ ಮರಳಿದವನನ್ನು ರಷ್ಯಾದ ಚಾಂಪಿಯನ್ ಒಬ್ಬ ತರಬೇತಿ ಕೊಟ್ಟು ಎಬ್ಬಿಸುತ್ತಾನೆ. ಅದರ ಜಾರುನೃತ್ಯಗಳನ್ನು ಸಂಯೋಜಿಸಿದವರು ಹಿಂದೆ ಸ್ವತಃ ಜಾರುಪಟುವಾಗಿದ್ದ ಮಿಯಾಮೋಟೋ ಕೆಂಜಿ. "ಕಾಲಿನ ಚಲನೆ ಸುಳ್ಳು ಹೇಳುವುದಿಲ್ಲ" ಎಂಬುದು ಅವಳ ವೀಕ್ಷಣೆ.

ಒಂದು ಕಥೆಗೆ ಮಾತ್ರ ಅಂಕ ಎರಡು ಸಲ ಬಿದ್ದಿದೆ. 2008ರಲ್ಲಿ ಅನಿಮೆಯಾದ 'ಜುಂಜೋ ರೊಮ್ಯಾಂಟಿಕಾ'ಗೆ ಮೊದಲು ತೊಂಬತ್ತು ಕೊಟ್ಟಿದ್ದಾಳೆ. ಆಮೇಲೆ ಅದನ್ನು ಹೊಡೆದುಹಾಕಿ ನಲವತ್ತು ಮಾಡಿದ್ದಾಳೆ. ಕಾರಣವನ್ನೂ ಬರೆದಿದ್ದಾಳೆ. ಅಲ್ಲಿ ಮನೆಪಾಠ ಹೇಳಿಕೊಡುವ ಹಿರಿಯ, ಕಲಿಯಲು ಬಂದ ಹುಡುಗನ ಒಪ್ಪಿಗೆಯನ್ನು ಲೆಕ್ಕಿಸದೆ ಮುಂದುವರಿಯುತ್ತಾನೆ. ಕಥೆ ಅದನ್ನೇ ಪ್ರೀತಿ ಎಂದು ತೋರಿಸುತ್ತದೆ. "ಮೊದಲ ಸಲ ಹಾಡು, ಚಿತ್ರ ನೋಡಿ ಮರುಳಾದೆ. ಇದೇ ಕೆಲಸವನ್ನು ನಮ್ಮೂರಿನ ಟ್ಯೂಷನ್ ಮೇಷ್ಟ್ರು ಮಾಡಿದರೆ ಏನನ್ನುತ್ತೇನೆ?"

ಈ ಒಂದು ತಿದ್ದುಪಡಿ ಉಳಿದ ಅಂಕಗಳಿಗಿಂತ ಮುಖ್ಯ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ಗಾದೆ. ತನಗೆ ಇಷ್ಟವಾದದ್ದನ್ನೇ ಪ್ರಮಾಣಿಸಿ ನೋಡುವುದು ಎಲ್ಲಕ್ಕಿಂತ ಕಷ್ಟ. ಸಿನಿಮಾ ನಾಯಕ ಬೇಡವೆಂದ ಹುಡುಗಿಯ ಹಿಂದೆ ಬಿದ್ದು ಒಲಿಸಿಕೊಂಡಾಗ ಚಪ್ಪಾಳೆ ತಟ್ಟುವ ಹಿರಿಯರೂ ಇದೇ ಪ್ರಶ್ನೆಯನ್ನು ತಮಗೆ ಕೇಳಿಕೊಳ್ಳಬಹುದು.

ಪಕ್ಕದ ಬೆಂಚು

ಜಪಾನಿನಲ್ಲಿಯೇ ಈ ಕಥೆಗಳ ಮೇಲೆ ದೊಡ್ಡ ವಾದ ನಡೆದಿದೆ. 1992ರಲ್ಲಿ ಸಾತೋ ಮಸಾಕಿ ಎಂಬ ಸಲಿಂಗಿ ಗಂಡಸು ಸ್ತ್ರೀವಾದಿಗಳ ಸಣ್ಣ ಪತ್ರಿಕೆಯೊಂದರಲ್ಲಿ ಆಕ್ಷೇಪ ಎತ್ತಿದ. ನೀವು ಬರೆಯುವ ಸುಂದರ ಹುಡುಗರಿಗೂ ನಮ್ಮ ಬದುಕಿಗೂ ಸಂಬಂಧವಿಲ್ಲ, ನಮ್ಮನ್ನು ನೋಟದ ವಸ್ತುವಾಗಿ ಮಾಡಿಕೊಂಡಿದ್ದೀರಿ ಎಂಬುದು ಅವನ ದೂರಿನ ಸಾರ. ಲೇಖಕಿಯರೂ ಓದುಗರೂ ಉತ್ತರಿಸಿದರು. ಕೆಲವರು ಸಿಟ್ಟಾದರು, ಕೆಲವರು ಒಪ್ಪಿದರು. ವಾದ ಹಲವು ವರ್ಷ ನಡೆಯಿತು.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಹುಡುಗಿ ಇದನ್ನು ಬರೆದು, ಕೆಳಗೆ ಯಾವ ಅಂಕವೂ ಇಲ್ಲದ ಒಂದು ಟಿಪ್ಪಣಿ ಸೇರಿಸಿದ್ದಾಳೆ. ಅವಳ ತರಗತಿಯಲ್ಲಿ ಮೆಲುದನಿಯ ಒಬ್ಬ ಹುಡುಗನಿದ್ದಾನೆ. ಹಾಜರಿ ಕೂಗುವಾಗ ಅವನು "ಎಸ್ ಸಾರ್" ಎಂದರೆ ಹಿಂದಿನ ಬೆಂಚಿನವರು ಅದನ್ನೇ ಹೆಣ್ಣುದನಿಯಲ್ಲಿ ಅನುಕರಿಸುತ್ತಾರೆ. ತರಗತಿ ನಗುತ್ತದೆ. "ಗಿವನ್ ನೋಡಿ ರಾತ್ರಿ ಎರಡು ಗಂಟೆಯವರೆಗೆ ಅತ್ತವಳು ನಾನು. ಬೆಳಿಗ್ಗೆ ಆ ನಗುವಿನಲ್ಲಿ ನನ್ನ ದನಿಯೂ ಇತ್ತು."

ಆ ಹುಡುಗ ಯಾರು, ಅವನ ಮನಸ್ಸಿನಲ್ಲಿ ಏನಿದೆ ಎಂಬುದು ಅವಳಿಗೆ ಗೊತ್ತಿಲ್ಲ. ಮೆಲುದನಿಯಿಂದ ಏನನ್ನೂ ತೀರ್ಮಾನಿಸಲಾಗದು; ಅದೂ ವಿಜ್ಞಾನದ ಪಾಠವೇ. ಅವನು ಹೇಗೇ ಇದ್ದರೂ ಆ ನಗು ತಪ್ಪು ಎಂಬುದಷ್ಟೇ ಅವಳ ತೀರ್ಮಾನ. ಚಿತ್ರದ ಹುಡುಗನಿಗೆ ಸಲ್ಲುವ ಕರುಣೆ ಪಕ್ಕದ ಬೆಂಚಿನವರೆಗೆ ಬರದಿದ್ದರೆ ಅಭಿಮಾನಿಯ ಅಭಿಪ್ರಾಯಕ್ಕೆ ಎಷ್ಟು ಬೆಲೆ?

ಇಲ್ಲಿಗೆ ಬಂದ ಅಪ್ಪನಿಗೆ ಬೈಗುಳ ಮರೆತುಹೋಗಿರಲೂಬಹುದು. ಆದರೂ ಅವನ ಮನಸ್ಸಿನಲ್ಲಿ ಪ್ರಶ್ನೆಗಳಿರುತ್ತವೆ. ಅವುಗಳಿಗೆ ಉತ್ತರ ತಿಳಿದಿರಬೇಕು.

ಇಂಥ ಪ್ರೀತಿ ಕಾಯಿಲೆಯೇ? ಅಲ್ಲ. 1990ರ ಮೇ 17ರಂದು ವಿಶ್ವ ಆರೋಗ್ಯ ಸಂಸ್ಥೆ ಸಲಿಂಗ ಪ್ರೀತಿಯನ್ನು ಕಾಯಿಲೆಗಳ ಪಟ್ಟಿಯಿಂದ ಕೈಬಿಟ್ಟಿತು. ಅಪರಾಧವೇ? ಅದೂ ಅಲ್ಲ. ವಯಸ್ಕರಿಬ್ಬರ ಒಪ್ಪಿಗೆಯ ಸಂಬಂಧ ಅಪರಾಧವಲ್ಲ ಎಂದು ನಮ್ಮ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪಿತ್ತಿದೆ. ಚಿಕಿತ್ಸೆಯಿಂದ 'ಸರಿಪಡಿಸುತ್ತೇವೆ' ಎನ್ನುವವರ ಬಳಿ ಹೋಗಬಹುದೇ? ಕೂಡದು. ಅಂಥ ಚಿಕಿತ್ಸೆಯನ್ನು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಘೋಷಿಸಿದೆ. ಕಥೆ ಓದಿದರೆ ಮಕ್ಕಳು ಹಾಗೇ ಆಗಿಬಿಡುತ್ತಾರೆಯೇ? ಶಕುನಿಯ ಪಾತ್ರ ನೋಡಿದವರೆಲ್ಲ ಪಗಡೆ ಹಿಡಿಯಲಿಲ್ಲ. ಕಥೆ ಒಲವನ್ನು ಹುಟ್ಟಿಸುವುದಿಲ್ಲ. ಮೊದಲೇ ಮನಸ್ಸಿನಲ್ಲಿ ಇದ್ದು ಹೆದರಿ ಕುಳಿತವನಿಗೆ, ತಾನು ಒಬ್ಬನೇ ಅಲ್ಲ ಎಂಬ ಧೈರ್ಯ ಕೊಡಬಹುದು.

ಹಾಗೆಂದು ಎಲ್ಲವನ್ನೂ ಎಲ್ಲರ ಕೈಗೆ ಕೊಡಬೇಕೆಂದಲ್ಲ. ಈ ಬಗೆಯ ಪುಸ್ತಕಗಳಲ್ಲಿ ವಯಸ್ಕರಿಗೆ ಮಾತ್ರ ಮೀಸಲಾದವು ಬೇಕಾದಷ್ಟಿವೆ. ಹೈಸ್ಕೂಲು ಮಕ್ಕಳ ಪಾಲಕರು ವಯಸ್ಸಿನ ಗುರುತು ನೋಡಲೇಬೇಕು. ಕದ್ದು ಹಾಕುವ ತಾಣಗಳಲ್ಲಿ ಆ ಗುರುತೂ ಇರುವುದಿಲ್ಲ, ಕೆಟ್ಟ ಜಾಹೀರಾತುಗಳೂ ಬೆನ್ನು ಹತ್ತುತ್ತವೆ.

ಮನೆಯವರೆಲ್ಲ ಕೂಡಿ ಓದಬಹುದಾದ ಒಂದು ಮಾಂಗಾ ಇದೆ, 'ನನ್ನ ತಮ್ಮನ ಗಂಡ'. ಬರೆದವರು ತಾಗಾಮೆ ಗೆಂಗೋರೋ. ಅವರು ಸ್ವತಃ ಸಲಿಂಗಿ. 2014ರಿಂದ 2017ರವರೆಗೆ ಪ್ರಕಟವಾಗಿ ಜಪಾನಿನಲ್ಲೂ ಅಮೆರಿಕದಲ್ಲೂ ಪ್ರಶಸ್ತಿ ಪಡೆದ ಕೃತಿ. ತೀರಿಹೋದ ತಮ್ಮನ ಸಂಗಾತಿ ಕೆನಡಾದಿಂದ ಮನೆಗೆ ಬರುತ್ತಾನೆ. ಅಣ್ಣನಿಗೆ ಮುಜುಗರ. ಅವನ ಪುಟ್ಟ ಮಗಳಿಗೆ ಮಾತ್ರ ಹೊಸ ಮಾವ ಬಂದ ಸಂಭ್ರಮ. ಮಗು ಕೇಳುವ ಸರಳ ಪ್ರಶ್ನೆಗಳಿಗೆ ಉತ್ತರ ಹುಡುಕುತ್ತಾ ಅಪ್ಪ ಬದಲಾಗುತ್ತಾನೆ. ಕನ್ನಡದಲ್ಲೇ ಬೇಕೆನ್ನುವ ಹಿರಿಯರಿಗೆ ವಸುಧೇಂದ್ರರ 'ಮೋಹನಸ್ವಾಮಿ' ಇದೆ. 2013ರಲ್ಲಿ ಬಂದ ಆ ಕಥೆಗಳಲ್ಲಿ ಜಪಾನಿನ ಹೂವುಗಳಿಲ್ಲ, ನಮ್ಮದೇ ಊರು, ನಮ್ಮದೇ ಜನ, ನಮ್ಮದೇ ಕುಹಕ.

ಮಗ ಅಥವಾ ಮಗಳ ಮನಸ್ಸಿನ ಭಾರ ಮನೆಯಲ್ಲಿ ಇಳಿಯದಷ್ಟು ಹೆಚ್ಚಿದರೆ 14416 ಸಂಖ್ಯೆಗೆ ಕರೆ ಮಾಡಬಹುದು. ಅದು ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸೇವೆ.

ನೋಟ್‌ಬುಕ್ ಮುಚ್ಚಿದ ಅಪ್ಪ ಏನು ಹೇಳಬೇಕು? ದೊಡ್ಡ ಮಾತೇನೂ ಬೇಡ. "ಆ ಕೊನೇ ಪುಟದ ಹುಡುಗ ಈಗ ಹೇಗಿದ್ದಾನಮ್ಮ?" ಎಂದು ಕೇಳಿದರೆ ಸಾಕು. ನಾಳೆ ಹಾಜರಿ ಕೂಗುವಾಗ ತರಗತಿಯಲ್ಲಿ ನಗದ ಒಬ್ಬಳಾದರೂ ಇರುತ್ತಾಳೆ.