ಸಬ್ಬಸಿಗೆಗೆ ಅಕ್ಕಿ ತೊಳೆದ ನೀರು ಸಾಕು

2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿ ಒಂದು ಆದೇಶ ಹೊರಡಿಸಿತು. ಕುಡಿಯುವ ನೀರನ್ನು ವಾಹನ ತೊಳೆಯಲು, ಕೈತೋಟಕ್ಕೆ ಬಳಸಬಾರದು. ಬಳಸಿದರೆ 5,000 ರೂಪಾಯಿ ದಂಡ. ಜಯನಗರ, ಜೆ.ಪಿ. ನಗರದ ಕಡೆ ಗೊಣಗಿದವರು ಬಹಳ ಮಂದಿ. ‘ನಾಲ್ಕು ಕುಂಡಕ್ಕೆ ನೀರು ಹಾಕೋದೂ ತಪ್ಪೇ?’

ತೋಟ ಬಿಟ್ಟು ಜೆ.ಪಿ. ನಗರದ ಮಗನ ಮನೆ ಸೇರಿದ ನನಗೆ ಆದೇಶ ಸರಿಯೆನಿಸಿತು. ಕಾವೇರಿ ನೀರು ಇಲ್ಲಿಗೆ ಬರುವುದು ಸುಮಾರು 100 ಕಿಲೋಮೀಟರ್ ದೂರದಿಂದ. ಮಳವಳ್ಳಿ ತಾಲೂಕಿನ ತೊರೆಕಾಡನಹಳ್ಳಿಯಿಂದ ಹಂತ ಹಂತವಾಗಿ ಪಂಪ್ ಮಾಡಿ ತರಬೇಕು. ಅಂಥ ನೀರನ್ನು ಹುಲ್ಲುಹಾಸಿಗೆ ಸುರಿಯುವುದು ಕಂಡರೆ ಬಾವಿ ಬತ್ತಿದ್ದು ನೋಡಿದವರ ಹೊಟ್ಟೆ ಉರಿಯದೇ?

ಹಾಗೆಂದು ಕೈತೋಟವನ್ನೇ ಬಿಡಬೇಕಿಲ್ಲ. ಬೆಳೆ ಬದಲಿಸಿದರಾಯ್ತು. ನನ್ನ ಆಯ್ಕೆ ಸಬ್ಬಸಿಗೆ ಸೊಪ್ಪು.

ಪೇಟೆಯಲ್ಲೇ ಸಿಗುತ್ತದಲ್ಲ ಎನ್ನಬಹುದು. ಸಿಗುತ್ತದೆ, ನಿಜ. ಆದರೆ ದಕ್ಷಿಣ ಬೆಂಗಳೂರಿನ ಕೊಳಚೆ ವೃಷಭಾವತಿಯಲ್ಲಿ ಹರಿದು ಬಿಡದಿ ಹತ್ತಿರದ ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿನ ರೈತರ ಹೊಲಕ್ಕೆ ಸಿಗುವುದು ಆ ನೀರೇ. ತಪ್ಪು ಅವರದಲ್ಲ, ಕೊಳಕು ಮಾಡಿ ಕಳಿಸಿದವರು ನಾವು. ಸೊಪ್ಪಿನ ಕಟ್ಟು ಯಾವ ನೀರಲ್ಲಿ ಬೆಳೆದದ್ದೆಂದು ಕೊಳ್ಳುವವರಿಗೆ ತಿಳಿಯುವುದು ಹೇಗೆ?

ಸಬ್ಬಸಿಗೆಗೆ ಜಾಗ, ನೀರು ಎರಡೂ ಕಡಿಮೆ ಸಾಕು. ನನ್ನದು ಮುಕ್ಕಾಲು ಅಡಿ ಆಳದ ಎರಡು ತೊಟ್ಟಿ. ಮಣ್ಣು, ಹಳೆ ಗೊಬ್ಬರ ಬೆರೆಸಿ, ಬೀಜ ಚೆಲ್ಲಿ, ತೆಳ್ಳಗೆ ಮಣ್ಣು ಮುಚ್ಚುತ್ತೇನೆ. ಒಂದೆರಡು ವಾರದಲ್ಲಿ ಮೊಳಕೆ. ನಲವತ್ತು ದಿನಕ್ಕೆಲ್ಲ ಅಡುಗೆಗೆ ಸೊಪ್ಪು. ಮಳೆ ಹಿಂದೆ ಸರಿದು ಚಳಿ ಬೀಳುವ ಕಾಲ ಇದಕ್ಕೆ ಹಿತ. ಬಿರುಬಿಸಿಲಲ್ಲಿ ಬೇಗ ಹೂವಿಗೆ ತಿರುಗುತ್ತದೆ.

ನೀರು? ಅಕ್ಕಿ, ಬೇಳೆ, ತರಕಾರಿ ತೊಳೆದದ್ದು ಒಂದು ಬಕೆಟ್‌ನಲ್ಲಿ ಸೇರಿಸಿಟ್ಟರೆ ಎರಡು ತೊಟ್ಟಿಗೆ ಧಾರಾಳ. ಉಪ್ಪು, ಸೋಪು ಸೇರಿದ ನೀರು ಮಾತ್ರ ಬೇಡ. ಅದು ನಾವು ತಿನ್ನುವ ಸೊಪ್ಪು.

ಇನ್ನೊಂದು ಮಾತು. ಟ್ರೇಯಲ್ಲಿ ಬೆಳೆಸಿದ ಸಬ್ಬಸಿಗೆ ಸಸಿಗೆ ದುಡ್ಡು ಹಾಕಬೇಡಿ. ಇದು ಕ್ಯಾರೆಟ್ಟಿನ ಕುಲ, ತಾಯಿಬೇರು ನೇರ ಕೆಳಗಿಳಿಯುತ್ತದೆ. ಕಿತ್ತು ನೆಟ್ಟರೆ ಸೊರಗುತ್ತದೆ. ಬೀಜವನ್ನು ಬೆಳೆಯುವಲ್ಲೇ ಬಿತ್ತಬೇಕು.

ಕೊಯ್ಲಿಗೆ ಬುಡಸಮೇತ ಕೀಳದೆ ಬೇಕಾದಷ್ಟೇ ಕತ್ತರಿಸಿ. ನಾಲ್ಕೈದು ಗಿಡ ಹೂವಿಗೆ ಬಿಡಿ. ಕೊಡೆಯಂಥ ಹಳದಿ ಹೂವಿಗೆ ಜೇನು, ಗುಲಗಂಜಿ ಹುಳ ಬರುತ್ತವೆ. ಗುಲಗಂಜಿ ಹುಳ ಪಕ್ಕದ ಗಿಡಗಳ ಹೇನನ್ನೂ ತಿನ್ನುತ್ತದೆ. ಬೀಜ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಕೊಯ್ದು ನೆರಳಲ್ಲಿ ಒಣಗಿಸಿದರೆ ಮುಂದಿನ ಸಲಕ್ಕೆ ಬೀಜ ಕೊಳ್ಳುವುದು ತಪ್ಪಿತು, ನೆರೆಯವರಿಗೂ ಒಂದೊಂದು ಚಮಚ ಕೊಡಬಹುದು.

ಎರಡು ತೊಟ್ಟಿಯಿಂದ ರೈತನ ಮಾರುಕಟ್ಟೆ ಬೀಳುವುದಿಲ್ಲ. ಅವರೆಕಾಳಿನ ಕಾಲಕ್ಕೆ ನಾಲ್ಕು ದಿನದ ಅಕ್ಕಿರೊಟ್ಟಿ, ಉಪ್ಪಿಟ್ಟಿಗೆ ಆದೀತು, ಅಷ್ಟೆ. ಆದರೆ ಒಂದು ಹಿಡಿ ಸೊಪ್ಪಿಗೆ ಎಷ್ಟು ನೀರು, ಎಷ್ಟು ದಿನ ಎಂದು ಲೆಕ್ಕ ಗೊತ್ತಾದವರು ಹತ್ತು ರೂಪಾಯಿ ಕಟ್ಟಿಗೆ ಚೌಕಾಸಿ ಮಾಡಲಿಕ್ಕಿಲ್ಲ. ನಗರದ ಕೈತೋಟದಿಂದ ನಮ್ಮ ರೈತರಿಗೆ ಆಗಬೇಕಾದ ಲಾಭ ಇದೇ. ಏನಂತೀರಿ?