ಮಹಾರಾಣಿಯ ಸಲೂನು ಉಳಿಯಿತು, ನಮ್ಮ ವ್ಯಾನು?

ಪುಟ್ಟ ರೈಲು ಕಟ್ಟುವ ಹವ್ಯಾಸಿಗಳ ಮೇಲೆ ನನ್ನದೊಂದು ತಕರಾರಿದೆ. ಆಟಿಕೆ ಮಾಡುವವರ ಮೇಲೆ ಇನ್ನೊಂದು. ಮೂರನೆಯದು ನಮ್ಮ ನಮ್ಮ ಮನೆಗಳ ಮೇಲೆಯೇ. ಮೂರೂ ಹುಟ್ಟಿದ್ದು ಒಂದು ವ್ಯಾನಿನಿಂದ. ಆ ವ್ಯಾನಿನ ಉದ್ದ ನನ್ನ ಕಿರುಬೆರಳಿಗಿಂತಲೂ ಕಡಿಮೆ.

ಚಾಮರಾಜನಗರದ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಹಳೆಯ ಬಾಗಿಲನ್ನು ಎರಡು ಸ್ಟೂಲಿನ ಮೇಲೆ ಮಲಗಿಸಿ, ಅದರ ಮೇಲೆ ನಾನು ನಮ್ಮೂರಿನ ರೈಲು ನಿಲ್ದಾಣ ಕಟ್ಟುತ್ತಿದ್ದೇನೆ. ಈಗಿನ ನಿಲ್ದಾಣವಲ್ಲ. 1926ರಲ್ಲಿ ನಂಜನಗೂಡಿನಿಂದ ಇಲ್ಲಿಗೆ ಬಂದು, 2008ರಲ್ಲಿ ಬ್ರಾಡ್‌ಗೇಜ್ ಆಗುವವರೆಗೆ ಇದ್ದ ಮೀಟರ್‌ಗೇಜ್ ಕಾಲದ್ದು. ಹಳಿ ನಮ್ಮೂರಿಗೇ ಮುಗಿಯುತ್ತದೆ. ಮೆಟ್ಟುಪಾಳ್ಯಕ್ಕೆ ಮುಂದುವರಿಸುವ ಮಾತನ್ನು ಕೇಳುತ್ತಾ ಕೇಳುತ್ತಾ ನಮಗೆಲ್ಲ ತಲೆ ನರೆಯಿತು. ನನ್ನ ತವರು ಗುಂಡ್ಲುಪೇಟೆಗಂತೂ ರೈಲೇ ಇಲ್ಲ. ತೆರಕಣಾಂಬಿಯ ಮೇಲೆ ಬಸ್ಸಿನಲ್ಲೋ ಟೆಂಪೋದಲ್ಲೋ ಬಂದು ಇಲ್ಲಿ ರೈಲು ಹಿಡಿಯಬೇಕು. ಆದ್ದರಿಂದ ನಿಲ್ದಾಣದ ಹೊರಗೆ ಒಂದು ಮೆಟಡೋರ್, ಒಂದು ಮಾರುತಿ ಓಮ್ನಿ ನಿಲ್ಲಿಸದೆ ಹೋದರೆ ನಮ್ಮ ರೈಲಿನ ಕಥೆ ಪೂರ್ತಿಯಾಗುವುದೇ ಇಲ್ಲ.

ಹಳಿ ಸಿಕ್ಕಿತು, ಎಂಜಿನ್ನೂ ಸಿಕ್ಕಿತು. ವ್ಯಾನು ಮಾತ್ರ ಸಿಕ್ಕಲಿಲ್ಲ.

ಈ ಹವ್ಯಾಸದ ಲೆಕ್ಕ ತಿಳಿಯದವರಿಗೆ ಎರಡು ಮಾತು. ಪುಟ್ಟ ರೈಲಿನ ಲೋಕದಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗೆ ಎಚ್‌ಒ ಎಂದು ಹೆಸರು. ನಿಜವಾದ ಒಂದು ಅಡಿಗೆ ಇಲ್ಲಿ ಮೂರೂವರೆ ಮಿಲಿಮೀಟರ್, ಅಂದರೆ 87ರಲ್ಲಿ ಒಂದು ಪಾಲು. ಮೀಟರ್‌ಗೇಜಿನ ಎರಡು ಹಳಿಗಳ ನಡುವಿನ ಒಂದು ಮೀಟರ್ ಈ ಲೆಕ್ಕದಲ್ಲಿ ಹನ್ನೊಂದೂವರೆ ಮಿಲಿಮೀಟರ್ ಆಗುತ್ತದೆ. ಅದಕ್ಕೆ ಹತ್ತಿರದ 12 ಮಿಲಿಮೀಟರ್ ಹಳಿ ಹೊರದೇಶದಲ್ಲಿ ಸಿಗುತ್ತದೆ, ಜರ್ಮನಿಯಲ್ಲಿರುವ ನನ್ನ ತಂಗಿಯ ಮಗ ತಂದುಕೊಟ್ಟ. ಐದಡಿಯ ಹೆಂಗಸು ಇಲ್ಲಿ ಹದಿನೇಳೂವರೆ ಮಿಲಿಮೀಟರ್ ಎತ್ತರ. ಹನ್ನೊಂದು ಅಡಿ ಉದ್ದದ ಓಮ್ನಿ ಹೆಚ್ಚೂಕಡಿಮೆ 39 ಮಿಲಿಮೀಟರ್. ಈ ಒಂದು ಲೆಕ್ಕಕ್ಕೆ ಎಲ್ಲವೂ ಬದ್ಧವಾಗಿರಬೇಕು. ಇಲ್ಲದಿದ್ದರೆ ಬಾಗಿಲಿಗಿಂತ ದೊಡ್ಡ ಸ್ಟೇಷನ್ ಮಾಸ್ತರು, ಬೋಗಿಗಿಂತ ಉದ್ದದ ಆಟೋ, ನೋಡಿದವರು ನಗುತ್ತಾರೆ.

ವ್ಯಾನು ಹುಡುಕಿಕೊಂಡು ಮೈಸೂರಿನ ಒಂದು ದೊಡ್ಡ ಆಟಿಕೆ ಅಂಗಡಿಗೆ ಹೋದೆ. "ಮೊಮ್ಮಗನಿಗಾ ಅಮ್ಮಾ?" ಎಂದ ಅಂಗಡಿಯ ಹುಡುಗ. "ಅಲ್ಲಪ್ಪ, ನನಗೆ" ಎಂದೆ. ಅವನು ಒಂದು ಕ್ಷಣ ನನ್ನ ಮುಖ ನೋಡಿ, "ಮೊಮ್ಮಗಳಾದರೆ ಕಿಚನ್ ಸೆಟ್ ಚೆನ್ನಾಗಿದೆ ಅಮ್ಮಾ" ಎಂದ. ನಾನು ಕೇಳಿದ್ದಕ್ಕೂ ಅವನು ಹೇಳಿದ್ದಕ್ಕೂ ಇದ್ದ ದೂರ ನೋಡಿ. ಅವನದೇನೂ ತಪ್ಪಿಲ್ಲ. ಗಾಡಿ ಗಂಡು, ಒಲೆ ಹೆಣ್ಣು ಎಂದು ಅಂಗಡಿಯ ಗೋಡೆಗೇ ನೀಲಿ, ಗುಲಾಬಿ ಬಣ್ಣ ಬಳಿದು ಇಟ್ಟಿರುವಾಗ ಅವನು ತಾನೇ ಏನು ಮಾಡಿಯಾನು?

ಅಲ್ಲಿದ್ದ ಗಾಡಿಗಳನ್ನು ನೋಡಿದೆ. ಅಮೆರಿಕದ ಓಟದ ಕಾರುಗಳು, ಬೆಂಕಿಯ ಚಿತ್ರ ಬಳಿದುಕೊಂಡ ಜೀಪುಗಳು, ಯಾವ ಊರಿನಲ್ಲೂ ಓಡದ ದೈತ್ಯ ಚಕ್ರದ ಲಾರಿಗಳು. 1968ರಿಂದ ಬರುತ್ತಿರುವ ಹಾಟ್ ವೀಲ್ಸ್ ನಿಮಗೆಲ್ಲ ಗೊತ್ತು. ಅವು ಸುಮಾರಾಗಿ 64ರಲ್ಲಿ ಒಂದು ಪಾಲು ಎನ್ನುತ್ತಾರೆ. ಆದರೆ ಕಾರೂ ಲಾರಿಯೂ ಒಂದೇ ಪೊಟ್ಟಣಕ್ಕೆ ಹಿಡಿಸಬೇಕಾದ್ದರಿಂದ ಎಲ್ಲವೂ ಬೆರಳುದ್ದವೇ. ಸೆಂಟಿಯಂಥ ನಮ್ಮ ದೇಶದ ಕಂಪನಿಗಳು ಅಂಬಾಸಿಡರ್, ಆಟೋಗಳನ್ನು ಪ್ಲಾಸ್ಟಿಕ್ಕಿನಲ್ಲಿ ಮಾಡಿವೆ. ಅದಕ್ಕಾಗಿ ಅವರಿಗೆ ನಮಸ್ಕಾರ. ಆದರೆ ಅವು ಮಕ್ಕಳ ಕೈಗೆ ತಕ್ಕಷ್ಟು ದೊಡ್ಡವು. ನನ್ನ ನಿಲ್ದಾಣದ ಮುಂದಿಟ್ಟರೆ ಟಿಕೆಟ್ ಕೌಂಟರನ್ನೇ ನುಂಗಿಬಿಡುತ್ತವೆ.

ಚನ್ನಪಟ್ಟಣದಲ್ಲಿ ಸಿಗಲಾರದೇ ಎಂದು ನೀವು ಕೇಳಬಹುದು. ಆಲೆ ಮರವನ್ನು ಚರಕಿಗೆ ಕಟ್ಟಿ ತಿರುಗಿಸಿ, ಅರಗಿನ ಬಣ್ಣ ಹಚ್ಚುವ ಆ ಕೈಗಳ ಮೇಲೆ ನನಗೆ ಅಪಾರ ಗೌರವ. ಆದರೆ ತಿರುಗುವ ಚರಕಿ ಕೊಡುವುದು ದುಂಡನೆಯ ರೂಪವನ್ನು. ರೈಲಿನ ಬಾಯ್ಲರ್ ಅದರಲ್ಲಿ ಸೊಗಸಾಗಿ ಬರುತ್ತದೆ. ಓಮ್ನಿಯೆಂಬುದು ಬ್ರೆಡ್ಡಿನ ಪೊಟ್ಟಣದಂಥ ವಸ್ತು, ಅದು ಚರಕಿಯ ಕೆಲಸವಲ್ಲ.

ಇನ್ನು ವಿದೇಶದಿಂದ ತರಿಸೋಣವೆಂದರೆ, ಆಟಿಕೆಗಳ ಮೇಲಿನ ಆಮದು ಸುಂಕ 2020ರಲ್ಲಿ ಶೇಕಡಾ 20ರಿಂದ 60ಕ್ಕೆ, 2023ರಲ್ಲಿ 70ಕ್ಕೆ ಏರಿತು. 2021ರ ಜನವರಿಯಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತೂ ಕಡ್ಡಾಯವಾಯಿತು. ನಮ್ಮವರೇ ಮಾಡಲಿ ಎಂಬ ಆ ಉದ್ದೇಶಕ್ಕೆ ನನ್ನ ವಿರೋಧವಿಲ್ಲ. ನನ್ನ ಪ್ರಶ್ನೆ ಇಷ್ಟೇ. ಗೋಡೆ ಕಟ್ಟಿ ಹೊರಗಿನ ಮಾಲು ತಡೆದಮೇಲೆ ಒಳಗಿನವರು ಮಾಡಿದ್ದೇನು? ಅದೇ ಹೊರಗಿನ ಕಾರುಗಳ ನಕಲನ್ನು. ಅಚ್ಚು ಹಾಕುವ ಯಂತ್ರ ನಮ್ಮದಾದರೆ ಸಾಕೇ, ಅಚ್ಚು ಯಾರದ್ದು?

ಇದರಲ್ಲೊಂದು ತಮಾಷೆಯೂ ಇದೆ. ನಮ್ಮ ಮೆಟಡೋರ್ ಮೂಲತಃ ಜರ್ಮನಿಯ ಟೆಂಪೋ ಮತ್ತು ಹನೋಮಾಗ್ ಕಂಪನಿಗಳ ವ್ಯಾನಿನ ವಂಶದ್ದು. ಬಜಾಜ್ ಟೆಂಪೋ ಅದನ್ನು ಇಲ್ಲಿ ತಯಾರಿಸಿತು. ಆ ಕಂಪನಿಯ ಹೆಸರು 2005ರಲ್ಲಿ ಫೋರ್ಸ್ ಮೋಟಾರ್ಸ್ ಆಯಿತು. ಜರ್ಮನಿಯವರು ತಮ್ಮ ಆ ಹಳೆಯ ವ್ಯಾನನ್ನು 87ರಲ್ಲಿ ಒಂದು ಪಾಲಿಗೆ ಇಳಿಸಿ, ಅಂಚೆಯ ವ್ಯಾನು, ಬೇಕರಿಯ ವ್ಯಾನು ಎಂದು ಬಗೆಬಗೆಯಾಗಿ ಮಾಡಿ ಗಾಜಿನ ಬೀರುವಿನಲ್ಲಿಟ್ಟು ಮುದ್ದಿಸುತ್ತಾರೆ. ಅವರಿಗೆ ತಮ್ಮ ಬೀದಿಯ ಬ್ರೆಡ್ಡಿನ ಗಾಡಿಯೂ ಇತಿಹಾಸ. ನಮ್ಮ ಜಿಲ್ಲೆಯ ಜೀವವನ್ನೇ ಹೊತ್ತ ಗಾಡಿ ನಮಗೆ ಗುಜರಿ!

ಜೀವ ಹೊತ್ತದ್ದು ಎಂದೆ, ಅದು ಅಲಂಕಾರದ ಮಾತಲ್ಲ. ನನ್ನ ಅಕ್ಕನಿಗೆ ಎರಡನೆಯ ಹೆರಿಗೆಯ ನೋವು ಬಂದದ್ದು ಗುಂಡ್ಲುಪೇಟೆಯಲ್ಲಿ, ರಾತ್ರಿ ಹನ್ನೊಂದಕ್ಕೆ. ಮಗು ಅಡ್ಡ ತಿರುಗಿದೆ, ಮೈಸೂರಿಗೆ ಕರೆದೊಯ್ಯಿರಿ ಎಂದರು. ಕೇರಳಕ್ಕೆ ತರಕಾರಿ ಸಾಗಿಸುತ್ತಿದ್ದ ಪಕ್ಕದ ಬೀದಿಯವರ ಮೆಟಡೋರಿನಿಂದ ಟೊಮೆಟೊ ಕ್ರೇಟುಗಳನ್ನು ಇಳಿಸಿ, ಜಮಖಾನ ಹಾಸಿ, ಅಕ್ಕನನ್ನು ಮಲಗಿಸಿದೆವು. ಅಮ್ಮ ಅವಳ ತಲೆ ಹಿಡಿದು ಕೂತರು, ನಾನು ಕಾಲ ಬಳಿ ಕೂತೆ. ನಂಜನಗೂಡಿನ ಸೇತುವೆ ದಾಟುವವರೆಗೆ ಯಾರೂ ಮಾತಾಡಲಿಲ್ಲ. ತಾಯಿ, ಮಗು ಇಬ್ಬರೂ ಉಳಿದರು. 108ರ ಆಂಬುಲೆನ್ಸ್ ನಮ್ಮ ರಾಜ್ಯಕ್ಕೆ ಬಂದದ್ದು 2008ರಲ್ಲಿ. ಅದಕ್ಕೆ ಮುಂಚೆ ಇಂಥ ಎಷ್ಟು ರಾತ್ರಿಗಳನ್ನು ಈ ಗಾಡಿಗಳು ಕಂಡಿಲ್ಲ? ನಿಮ್ಮ ಊರಿನಲ್ಲೂ ನಿಮ್ಮ ಓಣಿಯಲ್ಲೂ ಅಂಥದ್ದೊಂದು ವ್ಯಾನು ಇದ್ದೇ ಇರುತ್ತದೆ, ನೆನಪಿಸಿಕೊಳ್ಳಿ. ಮಕ್ಕಳನ್ನು ಕಾನ್ವೆಂಟಿಗೆ ತುಂಬಿಕೊಂಡು ಹೋಗುತ್ತಿದ್ದ ಓಮ್ನಿ, ಚೆಂಡು ಹೂ ಬಿಡಿಸಲು ಹೆಂಗಸರನ್ನು ಹೊಲಕ್ಕೆ ಒಯ್ಯುವ ಟಾಟಾ ಏಸ್, ರಾತ್ರಿ ಒಂಬತ್ತಕ್ಕೆ ಬಂಡೀಪುರದ ರಸ್ತೆ ಮುಚ್ಚುವ ಮೊದಲು ಮದ್ದೂರು ಗೇಟು ದಾಟಲು ಧಾವಿಸುವ ತರಕಾರಿ ಗಾಡಿ. ಇವುಗಳಲ್ಲಿ ಓಮ್ನಿಯ ತಯಾರಿಕೆ 2019ರಲ್ಲಿ ನಿಂತೇಹೋಯಿತು. 1984ರಿಂದ ಓಡಿದ ಗಾಡಿ ಇನ್ನು ಕೆಲವೇ ವರ್ಷದಲ್ಲಿ ಬೀದಿಯಿಂದಲೂ ಮಾಯವಾಗುತ್ತದೆ.

ಈಗ ಹವ್ಯಾಸಿಗಳ ಮೇಲಿನ ತಕರಾರು. ಪುಟ್ಟ ರೈಲು ಕಟ್ಟುವ ನಮ್ಮ ಮಹನೀಯರು ಎಂಜಿನ್ನಿನ ನಂಬರು, ಚಕ್ರದ ಜೋಡಣೆ, ಬೋಗಿಯ ಬಣ್ಣ ಎಲ್ಲವನ್ನೂ ಕೂದಲೆಳೆಯಷ್ಟೂ ಬಿಡದೆ ವಾದಿಸುತ್ತಾರೆ. ನಿಲ್ದಾಣದ ಹೊರಗೆ ಮಾತ್ರ ಇಂಗ್ಲೆಂಡಿನ ಬೆಡ್‌ಫರ್ಡ್ ವ್ಯಾನನ್ನು ನಿಲ್ಲಿಸಿ ಕೈ ತೊಳೆದುಕೊಳ್ಳುತ್ತಾರೆ! ರೈಲು ಹತ್ತುವವರು ಎಲ್ಲಿಂದ, ಹೇಗೆ ಬಂದರು ಎಂಬುದು ಅವರಿಗೆ ಮುಖ್ಯವೇ ಅಲ್ಲ. ಮೈಸೂರಿನ ರೈಲ್ವೆ ಮ್ಯೂಸಿಯಂ 1979ರಿಂದ ಇದೆ. ಅಲ್ಲಿ 1899ರ ಮಹಾರಾಣಿಯವರ ಸಲೂನು ಬೋಗಿ ಇದೆ, ಅಡುಗೆಮನೆ ಸಮೇತ. ನೋಡಿ ಬಂದಿದ್ದೇನೆ, ಚೆನ್ನಾಗಿದೆ, ಉಳಿಸಿದ್ದು ಒಳ್ಳೆಯದೇ. ಆದರೆ ಮಹಾರಾಣಿ ಹೇಗೆ ಪ್ರಯಾಣ ಮಾಡಿದರು ಎಂಬುದು ನೂರು ವರ್ಷದ ನಂತರವೂ ತಿಳಿಯಬೇಕು, ನನ್ನ ಅಕ್ಕ ಹೇಗೆ ಪ್ರಯಾಣ ಮಾಡಿದಳು ಎಂಬುದು ಇಪ್ಪತ್ತು ವರ್ಷಕ್ಕೇ ಮರೆತುಹೋಗಬೇಕು ಎಂದರೆ ಅದು ಯಾವ ನ್ಯಾಯ?

ಮೂರನೆಯ ತಕರಾರು ಮನೆಯದು. ಪುಣೆಯಲ್ಲಿ ಬಿ.ಎಸ್. ಜೋಶಿ ಎಂಬವರು ಪುಟ್ಟ ರೈಲುಗಳ ಮೇಲಿನ ಪ್ರೀತಿಯನ್ನೇ ಬೆಳೆಸಿ 1998ರಲ್ಲಿ ಒಂದು ಮ್ಯೂಸಿಯಂ ಮಾಡಿದರು, ಜನ ಟಿಕೆಟ್ ಕೊಂಡು ನೋಡುತ್ತಾರೆ. ಗಂಡಸು ಮಾಡಿದರೆ ಸಾಧನೆ. ಅದನ್ನೇ ನಾನು ಮಾಡಿದರೆ "ಈ ವಯಸ್ಸಿನಲ್ಲಿ ಇದೆಂಥ ಹುಚ್ಚು, ಒಂದು ಸಹಸ್ರನಾಮವಾದರೂ ಓದಬಾರದೇ?" ಎನ್ನುತ್ತಾರೆ ಮನೆಗೆ ಬಂದ ನೆಂಟರು. ನಮ್ಮ ಮನೆಯವರು ಇಸ್ಪೀಟು ಆಡುವಾಗ ಯಾರೂ ಅವರಿಗೆ ಸಹಸ್ರನಾಮ ನೆನಪಿಸಿದ್ದನ್ನು ನಾನು ಕಾಣೆ.

"ಇದು ನಮ್ಮದಲ್ಲ, ವಿದೇಶದವರ ಶೋಕಿ" ಎನ್ನುವವರೂ ಇದ್ದಾರೆ. ಹೌದೇ? ದಸರೆಗೆ ಗೊಂಬೆ ಕೂರಿಸುವುದು ಮತ್ತೇನು? ಪಟ್ಟದ ಗೊಂಬೆಗಳ ಕೆಳಗೆ ನಮ್ಮಜ್ಜಿ ರಾಗಿ ಪೈರು ಬೆಳೆಸಿ ಹೊಲ ಮಾಡುತ್ತಿದ್ದರು, ಕನ್ನಡಿಯಿಟ್ಟು ಕೆರೆ ಮಾಡುತ್ತಿದ್ದರು, ಮರಳು ಸುರಿದು ರಸ್ತೆ ಎಳೆಯುತ್ತಿದ್ದರು. ದಿನಸಿ ಅಂಗಡಿಯ ಶೆಟ್ಟರು ಗುಡಿಯ ಗೋಪುರಕ್ಕಿಂತ ಎತ್ತರವಾಗಿದ್ದರೂ ಯಾರಿಗೂ ಬೇಸರವಿರಲಿಲ್ಲ. ಊರನ್ನು ಕಿರಿದು ಮಾಡಿ ಮನೆಯೊಳಗೆ ಕೂರಿಸುವ ವಿದ್ಯೆ ಮೈಸೂರು ಸೀಮೆಯ ಹೆಂಗಸರಿಗೆ ಯಾರೂ ಹೊರಗಿನಿಂದ ಬಂದು ಕಲಿಸಬೇಕಿಲ್ಲ. ನಾನು ಮಾಡಿದ್ದು ಅದಕ್ಕೊಂದು ಅಳತೆಪಟ್ಟಿ ಇಟ್ಟದ್ದು ಮಾತ್ರ.

ಅಂಗಡಿಯಲ್ಲಿ ಸಿಗದ ವ್ಯಾನನ್ನು ಮನೆಯಲ್ಲೇ ಮಾಡಿದೆ. ಬ್ಲೌಸ್ ಹೊಲಿಯಬಲ್ಲ ಯಾವ ಹೆಂಗಸೂ ಇದನ್ನು ಮಾಡಬಲ್ಲಳು. ಪಕ್ಕದ ಮನೆಯವರ ಓಮ್ನಿಯನ್ನು ಹೊಲಿಗೆಯ ಟೇಪಿನಲ್ಲೇ ಅಳೆದೆ. ಅಡಿಗೆ ಮೂರೂವರೆ ಮಿಲಿಮೀಟರಿನಂತೆ ಗ್ರಾಫ್ ಹಾಳೆಯ ಮೇಲೆ ಎಡಬದಿ, ಬಲಬದಿ, ಮುಂದು, ಹಿಂದು, ಮಾಡು ಎಂದು ಬಿಡಿಸಿಕೊಂಡೆ. ಉದ್ದ 39, ಅಗಲ 16, ಎತ್ತರ 19 ಮಿಲಿಮೀಟರ್. ಮದುವೆಯ ಕರೆಯೋಲೆಯ ದಪ್ಪ ಕಾಗದಕ್ಕಿಂತ ಒಳ್ಳೆಯ ತಗಡು ಇದಕ್ಕೆ ಬೇರೆಯಿಲ್ಲ, ಮಡಚುವ ಕಡೆ ಬ್ಲೇಡಿನ ಬೆನ್ನಿನಿಂದ ಗೀರಿದರೆ ಅಂಚು ನೇರವಾಗಿ ನಿಲ್ಲುತ್ತದೆ. ಸೀರೆ ಡಬ್ಬಿಯ ಪಾರದರ್ಶಕ ಹಾಳೆ ಕಿಟಕಿಯ ಗಾಜಾಯಿತು. ಫೆವಿಕಾಲನ್ನು ಊದಿನಕಡ್ಡಿಯ ತುದಿಯಲ್ಲಿ ಹಚ್ಚಬೇಕು, ಬೆರಳಿನಲ್ಲಿ ಹಚ್ಚಿದರೆ ಎಲ್ಲ ಅಂಟಂಟು. ನಿಜವಾದ ಚಕ್ರ ಸುಮಾರು 54 ಸೆಂಟಿಮೀಟರ್, 87ರಿಂದ ಭಾಗಿಸಿದರೆ 6 ಮಿಲಿಮೀಟರ್. ರವಿಕೆಗೆ ಹಾಕುವ ಅತಿ ಸಣ್ಣ ಪ್ರೆಸ್ ಬಟನ್ನು ಸರಿಸುಮಾರು ಅಷ್ಟೇ ಇರುತ್ತದೆ! ಕಪ್ಪು ಬಣ್ಣ ಬಳಿದರೆ ಟೈರು, ನಡುವಿನ ಉಬ್ಬು ಚಕ್ರದ ಕಪ್. ಹಿಂದಿನ ದೀಪಕ್ಕೆ ಕೆಂಪು ಸ್ಟಿಕ್ಕರ್ ಬೊಟ್ಟಿನ ಚೂರು. ಮೈಬಣ್ಣಕ್ಕೆ ಬಿಳಿ ಉಗುರುಬಣ್ಣ, ತೆಳ್ಳಗೆ ಎರಡು ಸಲ. ಮೆಟಡೋರಿನ ಮೇಲಿನ ಕ್ಯಾರಿಯರ್‌ಗೆ ತಲೆಪಿನ್ನನ್ನು ಬಗ್ಗಿಸಿದೆ. ಟೊಮೆಟೊ ಕ್ರೇಟಿಗೆ ಬೆಂಕಿಕಡ್ಡಿಯ ಸೀಳು.

ಒಟ್ಟು ಖರ್ಚು ಇಪ್ಪತ್ತು ರೂಪಾಯಿಯನ್ನೂ ದಾಟಲಿಲ್ಲ. ಬೇಕಾದದ್ದು ದುಡ್ಡಲ್ಲ, ಬಾಗಿಲು ಹಾಕಿಕೊಂಡು ಕೂರಲು ಎರಡು ಮಧ್ಯಾಹ್ನ. ನಮಗೆ ದುಬಾರಿಯಾದದ್ದು ಅದೇ ಅಲ್ಲವೇ?

ಹಾಗೆಂದು ಎಲ್ಲವನ್ನೂ ಹೆಂಗಸರೇ ಮನೆಯಲ್ಲಿ ಮಾಡಿಕೊಳ್ಳಲಿ, ಉಳಿದವರು ಸುಮ್ಮನಿರಲಿ ಎಂದು ನಾನು ಹೇಳುತ್ತಿಲ್ಲ. ಆಟಿಕೆ ಮಾಡುವವರು ನಮ್ಮ ರಸ್ತೆಯ ಗಾಡಿಗಳ ಅಚ್ಚು ಹಾಕಲಿ, ಡಬ್ಬಿಯ ಮೇಲೆ ಎಷ್ಟರಲ್ಲಿ ಎಷ್ಟು ಪಾಲು ಎಂದು ಅಚ್ಚುಕಟ್ಟಾಗಿ ಬರೆಯಲಿ. ಮ್ಯೂಸಿಯಂನವರು ಸಲೂನಿನ ಪಕ್ಕದಲ್ಲೇ ಒಂದು ಹಳೆಯ ಮೆಟಡೋರನ್ನೂ ನಿಲ್ಲಿಸಿ, ಅದರಲ್ಲಿ ಯಾರು ಯಾರು ಯಾವುದಕ್ಕೆ ಹೋದರು ಎಂದು ಒಂದು ಫಲಕ ಬರೆಸಲಿ. ಅಂಗಡಿಯವರು ಗಾಡಿಯ ಕಪಾಟನ್ನೂ ಒಲೆಯ ಕಪಾಟನ್ನೂ ಬೆರೆಸಲಿ.

ಅವರೆಲ್ಲ ಏಳುವವರೆಗೆ ನಾವು ಕಾಯಬೇಕಾಗಿಲ್ಲ. ನಿಮ್ಮ ಬೀದಿಯ ಕೊನೆಯ ಓಮ್ನಿ ಗುಜರಿಗೆ ಹೋಗುವ ಮೊದಲು ಹೊಲಿಗೆಯ ಟೇಪು ಹಿಡಿದು ಹೊರಗೆ ಬನ್ನಿ. ಉದ್ದ, ಅಗಲ, ಎತ್ತರ ಬರೆದುಕೊಳ್ಳಿ. ಅದರಲ್ಲಿ ಯಾರನ್ನು ಎಲ್ಲಿಗೆ ಕರೆದೊಯ್ದಿರೆಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ಯಾರಾದರೂ "ಏನಮ್ಮಾ ಅಳೀತಿದ್ದೀರಿ?" ಎಂದು ಕೇಳಿದರೆ ಮೊಮ್ಮಗನ ಹೆಸರು ಹೇಳಬೇಡಿ. "ನನಗೆ" ಎನ್ನಿ.