ಬಿಳಿನೊಣಕ್ಕೆ ವಿಷ ಹೊಡೆಸುವ ಮುನ್ನ

ಮೊನ್ನೆ ಚಿಕ್ಕಪ್ಪನ ತೆಂಗಿನ ತೋಟಕ್ಕೆ ಹೋದಾಗ ಬದುವಿನ ಪಕ್ಕ ಔಷಧಿ ಟ್ಯಾಂಕ್ ಹೊತ್ತ ಟ್ರ್ಯಾಕ್ಟರ್ ನಿಂತಿತ್ತು. ಮರಕ್ಕೆ 150 ರೂಪಾಯಿ, ಬಿಳಿನೊಣ ಒಂದೂ ಉಳಿಯಲ್ಲ, ಗ್ಯಾರಂಟಿ ಅಂತ ಟ್ರ್ಯಾಕ್ಟರಿನವನ ಮಾತು. ಎಕರೆಗೆ 70 ಮರ ಹಿಡಿದರೂ ಹತ್ತೂವರೆ ಸಾವಿರ. ಕಾಯಿಗೆ ಬೆಲೆ ಬಂದಾಗ ಮರದಲ್ಲಿ ಕಾಯಿಲ್ಲ. ಆ ಸಂಕಟಕ್ಕೆ ಚಿಕ್ಕಪ್ಪ ತಲೆಯಾಡಿಸಿಬಿಟ್ಟಿದ್ದರು. ನನಗೆ ಸಿಟ್ಟು ಬಂದದ್ದು ಅವರ ಮೇಲಲ್ಲ.

ಈ ಸುರುಳಿ ಬಿಳಿನೊಣ ನಮ್ಮ ದೇಶದಲ್ಲಿ ಮೊದಲು 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಕಾಣಿಸಿಕೊಂಡಿತು. ಬೆನ್ನಿಗೇ ಅದರ ವೈರಿಯೂ ಸಿಕ್ಕಿತು: ಎನ್‌ಕಾರ್ಸಿಯಾ ಎಂಬ ಚುಕ್ಕೆಯಷ್ಟು ಕಣಜ. ನೊಣದ ಮರಿಯೊಳಗೆ ಮೊಟ್ಟೆಯಿಡುತ್ತದೆ, ಮೊಟ್ಟೆಯೊಡೆದು ಬಂದ ಹುಳು ಒಳಗಿಂದಲೇ ತಿಂದು ಮುಗಿಸುತ್ತದೆ. ರಾಸಾಯನಿಕ ಹೊಡೆಯಬೇಡಿ, ಕಣಜ ಸಾಯುತ್ತದೆ ಎಂದು ಹೆಬ್ಬಾಳದ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲಗಳ ಬ್ಯೂರೋದ ವಿಜ್ಞಾನಿಗಳು ಹೇಳುತ್ತಲೇ ಬಂದಿದ್ದಾರೆ. ನಲವತ್ತು ಅಡಿ ಎತ್ತರದ ಗರಿಯ ಅಡಿಭಾಗದಲ್ಲಿ, ಮೇಣದ ಹೊದಿಕೆಯೊಳಗೆ ಕೂತ ಮರಿಗೆ ಔಷಧಿ ಸರಿಯಾಗಿ ತಾಗುವುದೂ ಇಲ್ಲ. ಉಳಿದವು ತಿಂಗಳು ಒಂದೂವರೆ ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತವೆ, ಈ ಸಲ ತಡೆಯಲು ಕಣಜವಿರುವುದಿಲ್ಲ. ಟ್ರ್ಯಾಕ್ಟರ್ ಮತ್ತೆ ಬರುತ್ತದೆ.

ಚಿಕ್ಕಪ್ಪನಿಂದ ಒಂದು ಕೆಳಗರಿ ಕಡಿಸಿ ಮಗುಚಿ ನೋಡಿದೆ. ಬಿಳಿ ಪುಡಿ ಒರೆಸಿದರೆ ಮರಿಗಳ ನಡುವೆ ಅಲ್ಲಲ್ಲಿ ಕರ್ರಗಾದವು, ಬೆನ್ನಲ್ಲಿ ಗುಂಡನೆಯ ತೂತು. ಕಣಜ ಹೊರಬಿದ್ದ ದಾರಿ ಅದು. ತೂತು ಬೀಳದ ಕರಿ ಮರಿಗಳಿರುವ ಗರಿ ಚೂರನ್ನು ಕಣಜವಿಲ್ಲದ ಮರಕ್ಕೆ ಕಟ್ಟಿದರಾಯಿತು, ಖರ್ಚು ಒಂದು ಮೊಳ ದಾರ. ಎಲೆಯ ಮೇಲಿನ ಕರಿ ಬೂಷ್ಟು ತೊಳೆಯಲು ಜೋರಾಗಿ ನೀರು ಹಾಯಿಸಿದರೆ ಸಾಕು. ಎಳೆ ಗಿಡಗಳಿಗೆ ಬೇವಿನ ಎಣ್ಣೆ. ಟ್ರ್ಯಾಕ್ಟರ್ ವಾಪಸ್ ಹೋಯಿತು, ಅವನ ಬೈಗುಳ ನನ್ನ ಪಾಲಿಗೆ ಬಂತು.

ತೆಂಗಿನ ಇನ್ನೊಂದು ಪೀಡೆ ಕಪ್ಪುತಲೆ ಹುಳುವಿನ ಕಥೆ ಬೇರೆ, ಒಪ್ಪುತ್ತೇನೆ. ಬೇರಿಗೆ ಔಷಧಿ ಉಣಿಸಿದರೆ ಅದು ಹತೋಟಿಗೆ ಬರುತ್ತದೆ. ಆದರೆ ಆಮೇಲೆ 45 ದಿನ ಕಾಯಿ ಕೀಳಬಾರದು. ಎಳನೀರು ವ್ಯಾಪಾರಿ ಗೇಟಿನಲ್ಲಿ ನಿಂತಿರುವಾಗ ಆ ಲೆಕ್ಕ ಇಡುವವರು ಯಾರು? ಆ ಹುಳುವಿಗೂ ಗೋನಿಯೋಜಸ್ ಎಂಬ ಪರೋಪಜೀವಿ ಇದೆ, ಪ್ರಯೋಗಾಲಯದಲ್ಲಿ ಬೆಳೆಸಿ ತೋಟಕ್ಕೆ ಬಿಡಬಹುದು.

ನಾನು ವರ್ಷಗಳಿಂದ ಬರೆಯುತ್ತಿರುವುದು ಇದನ್ನೇ. ಕೀಟನಾಶಕದ ಅಂಗಡಿ ಸಂತೆ ಊರುಗಳಲ್ಲೆಲ್ಲ ಇದೆ, ಪರೋಪಜೀವಿ ಎಲ್ಲಿ ಸಿಗುತ್ತದೆ ಅಂತ ಕೇಳಿದರೆ ರೈತ ಮುಖ ಮುಖ ನೋಡುತ್ತಾನೆ. ತೆಂಗು ಬೆಳೆಗಾರರ ಹೆಸರಿನಲ್ಲಿ ಸದನದಲ್ಲಿ ಗುಡುಗುವ ಶಾಸಕರು ತಮ್ಮ ಕ್ಷೇತ್ರಕ್ಕೆ ಹತ್ತಿರದ ಪರೋಪಜೀವಿ ಪ್ರಯೋಗಾಲಯ ಯಾವ ಊರಿನಲ್ಲಿದೆ ಅಂತ ಹೇಳಲಿ ನೋಡೋಣ.